ಮೊಹರು ಬಿದ್ದ ಕುರ್ಚಿ

ಮರಕ್ಕೆ ಒಂಬೈನೂರ ಹತ್ತು, ಕೂಲಿಗೆ ಮುನ್ನೂರ ನಲವತ್ತು, ಅಂಟು ಮೊಳೆಗೆ ಮೂವತ್ತೈದು, ಪಾಲಿಶ್‌ಗೆ ಎಂಬತ್ತು, ಸಾಗಣೆಗೆ ಅರವತ್ತು. ಒಂದು ಕುರ್ಚಿಗೆ ಬೀಳುವ ಖರ್ಚು ಸಾವಿರದ ನಾನೂರ ಇಪ್ಪತ್ತೈದು. ಸರ್ಕಾರ ಕೊಡುವುದು ಸಾವಿರದ ಐನೂರು. ಉಳಿಯುವುದು ಎಪ್ಪತ್ತೈದು. ಹಲ್ಲುಜ್ಜುತ್ತಾ ಅವನು ಇನ್ನೊಮ್ಮೆ ಕೂಡಿ ನೋಡಿದ. ಎಪ್ಪತ್ತೈದು ಅಂದರೆ ಏನೂ ಅಲ್ಲ. ಹನ್ನೆರಡು ಸಾವಿರ ಸಲ ಎಪ್ಪತ್ತೈದು ಅಂದರೆ ಕನ್ನಡಿಯಲ್ಲಿ ಕಾಣುವ ಮುಖವೇ ಬೇರೆ.

"ಬಾಯಲ್ಲಿ ಬ್ರಷ್ ಇಟ್ಕೊಂಡು ಯಾರಾದ್ರೂ ನಗ್ತಾರಾ?" ಎಂದಳು ಹೆಂಡತಿ.

"ಇವತ್ತು ಇನ್‌ಸ್ಪೆಕ್ಟರ್ ಬರ್ತಾರೆ, ಕುರ್ಚಿ ಪಾಸು ಮಾಡೋಕೆ."

"ಅದಕ್ಕೆ ನಗೋದಾ? ಇನ್‌ಸ್ಪೆಕ್ಟರ್ ಅಂದ್ರೆ ಮಾವ ಹಿಂದಿನ ಬಾಗಿಲಿಂದ ಹೋಗಿಬಿಡ್ತಿದ್ರಂತೆ."

"ಅದು ಅವರ ಕಾಲ."

ಅಪ್ಪ ಕಚೇರಿಯಿಂದ ಕಚೇರಿಗೆ ಅಲೆದು ವ್ಯಾಪಾರ ಮಾಡಿದವರು. ಇಲ್ಲಿ ನಾಲ್ಕು ಕುರ್ಚಿ, ಅಲ್ಲಿ ಒಂದು ಮೇಜು. ಸಾಹೇಬರ ಕೋಣೆಯ ಹೊರಗೆ ಬೆಳಗಿನಿಂದ ಕಾದು ಕೂತು, ಗುಮಾಸ್ತನ ಮಗಳ ಮದುವೆಗೆ ಮಂಚ ಮಾಡಿಕೊಟ್ಟು, ಹಣಕ್ಕಾಗಿ ವರ್ಷವಿಡೀ ನಡೆದು ಚಪ್ಪಲಿ ಸವೆಸಿದವರು. ಈಗ ಎಲ್ಲ ಕಚೇರಿಗಳ ಕುರ್ಚಿಯನ್ನೂ ಒಂದೇ ಕೇಂದ್ರ ಖರೀದಿ ಕಚೇರಿ ಕೊಳ್ಳುತ್ತದೆ. ಒಂದು ಟೆಂಡರು, ಒಂದು ನಕ್ಷೆ, ಒಂದು ದರ. ಸಣ್ಣ ಕಾರ್ಖಾನೆಗಳಿಗೆ ಠೇವಣಿಯೂ ಬೇಡ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಗರಗಸದ ಹೊಟ್ಟಿನ ನಡುವೆ ಕೂತಿದ್ದಾನೆ ಎಂದು ನೆಂಟರು ಆಡಿಕೊಳ್ಳುತ್ತಿದ್ದ ಅವನು, ಮನೆಯ ಮೇಜಿನ ಮುಂದೆ ಕೂತೇ ಕುರ್ಚಿಗೆ ಹನ್ನೊಂದು ರೂಪಾಯಿ ಕಡಿಮೆ ದರ ಹಾಕಿ ದೊಡ್ಡ ಕಂಪನಿಯೊಂದನ್ನು ಸೋಲಿಸಿದ್ದ. ಯಾರಿಗೂ ಒಂದು ಲೋಟ ಚಹಾ ಕುಡಿಸಿರಲಿಲ್ಲ. ಲೆಕ್ಕ ಹಾಕಿದ್ದ, ಗೆದ್ದಿದ್ದ. ಸಾಲ ಕೇಳಿದರೆ ಕೈ ಅಲ್ಲಾಡಿಸುತ್ತಿದ್ದ ಬ್ಯಾಂಕಿನವರು ಒಪ್ಪಂದ ನೋಡಿದ ಕೂಡಲೇ ಎದ್ದು ನಿಂತಿದ್ದರು. ಮರದ ಮಿಲ್ಲಿನ ಮಾಲೀಕ ಈಗ ತಾನೇ ಫೋನ್ ಮಾಡಿ ಸಾರ್ ಎನ್ನುತ್ತಾನೆ.

ಒಂದೇ ಒಂದು ಕೊರತೆ. ಗೆದ್ದಾಗ ಅವನ ಮುಖವನ್ನು ಯಾರೂ ನೋಡಿರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಒಂದು ಹಸಿರು ಗೆರೆ ಬಂದಿತ್ತು, ಅಷ್ಟೇ.

ಕಾರ್ಖಾನೆಯಲ್ಲಿ ಮೊದಲ ಕಂತಿನ ಆರುನೂರು ಕುರ್ಚಿಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಇನ್‌ಸ್ಪೆಕ್ಟರು ಹತ್ತು ಗಂಟೆಗೆ ಬಂದರು. ಐವತ್ತರ ಆಸುಪಾಸಿನ, ಚಹಾ ಬೇಡವೆನ್ನುವ ಮನುಷ್ಯ. ಜೀಪಿನ ಹಿಂದಿನಿಂದ ಇಬ್ಬರು ಆಳುಗಳು ಒಂದು ಕುರ್ಚಿಯನ್ನು ಹೆಣದಷ್ಟು ಜೋಪಾನವಾಗಿ ಇಳಿಸಿದರು. ಅದರ ಕಾಲಿಗೆ ದಾರ ಕಟ್ಟಿ ಅರಗಿನ ಮೊಹರು ಒತ್ತಿದ್ದರು. ಟೆಂಡರಿನ ಜೊತೆ ಕೊಟ್ಟ ಮಾದರಿ ಅದು, ಅಪ್ಪನ ಕೈಯ ಕೆಲಸ. ಇನ್ನು ಮೇಲೆ ಹುಟ್ಟುವ ಕುರ್ಚಿಯೆಲ್ಲ ಅದರ ಹಾಗೇ ಇರಬೇಕು.

ಇನ್‌ಸ್ಪೆಕ್ಟರು ಸಾಲಿನಿಂದ ತಮಗೆ ತೋಚಿದ ಒಂದನ್ನು ಎಳೆದು ಮಾದರಿಯ ಪಕ್ಕದಲ್ಲಿಟ್ಟರು. ಟೇಪು ಬಿಚ್ಚಿದರು. ಎತ್ತರ, ಅಗಲ, ಬೆನ್ನು. ತಲೆದೂಗಿದರು. ಆಮೇಲೆ ಬಗ್ಗಿದರು, ಇನ್ನೊಂದನ್ನು ಎಳೆದರು, ಮತ್ತೆ ಬಗ್ಗಿದರು.

"ಬಲಗೈ ತಪ್ಪಿದೆಯಲ್ಲ."

"ಯಾರ ಬಲಗೈ?"

"ಕುರ್ಚೀದು. ಮಾದರೀಲಿ ಬಲಗೈ ಎಡಗೈಗಿಂತ ಅರ್ಧ ಇಂಚು ಕೆಳಗಿದೆ. ನಿಮ್ಮದ್ರಲ್ಲಿ ಎರಡೂ ಸಮ."

"ನಕ್ಷೇಲಿ ಎರಡೂ ಸಮ ಇದೆ. ನಾನು ನಕ್ಷೆ ಪ್ರಕಾರ ಮಾಡಿಸಿದ್ದೀನಿ."

"ನಕ್ಷೆಗೆ ಸರಿ. ಮಾದರಿಗೆ ತಪ್ಪು. ಎರಡಕ್ಕೂ ವ್ಯತ್ಯಾಸ ಬಂದ್ರೆ ಯಾವುದು ನಿಲ್ಲತ್ತೆ? ಒಪ್ಪಂದ ಓದಿದ್ದೀರಲ್ಲ."

ಓದಿದ್ದ. ಮಾದರಿಯೇ ಅಂತಿಮ ಎಂಬ ಆ ಸಾಲನ್ನು ಅಪ್ಪನಿಗೆ ಎರಡು ಸಲ ಬಿಡಿಸಿ ಹೇಳಿದ್ದವನೂ ಅವನೇ.

"ಮಾದರಿ ಒಪ್ಪಿದ ಸಮಿತಿಯವರು ನೋಡಲಿಲ್ವಾ ಹಾಗಾದ್ರೆ?"

"ಮೂವರೂ ಕೂತು ನೋಡಿದ್ದಾರೆ, ಚೆನ್ನಾಗಿದೆ ಅಂದಿದ್ದಾರೆ. ಎಡಗೈ ಅಳೆದೋರು ಬಲಗೈನೂ ಅಷ್ಟೇ ಅಂದ್ಕೊಳ್ತಾರೆ ಕಣ್ರೀ. ನಾನಾಗಿದ್ರೂ ಹಾಗೇ ಅಂದ್ಕೊಳ್ತಿದ್ದೆ."

ಅಪ್ಪನನ್ನು ಕರೆಸಿದ್ದಾಯಿತು. ಅವರು ಲುಂಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಇನ್‌ಸ್ಪೆಕ್ಟರಿಗೆ ಅಗತ್ಯಕ್ಕಿಂತ ಹೆಚ್ಚು ಬಗ್ಗಿ ನಮಸ್ಕಾರ ಮಾಡಿ, ಮಾದರಿಯ ಬಲಗೈಯ ಮೇಲೆ ಅಂಗೈ ಆಡಿಸಿದರು. ಗಾಬರಿಯೇನೂ ಕಾಣಲಿಲ್ಲ.

"ಇದು ಇವನ ಅಳತೆ ಸ್ವಾಮಿ."

"ಯಾರದು?"

"ಇವನದೇ, ನನ್ನ ಮಗಂದು. ಕೂರೋರು ಯಾರು ಅಂತ ಗೊತ್ತಿಲ್ದೆ ನಾನು ಕುರ್ಚಿ ಮಾಡಿದೋನಲ್ಲ. ಆ ಸಾಹೇಬರಿಗೆ ಬೆನ್ನು ನೋವು, ಈ ಮೇಡಮ್ಮಿಗೆ ಕಾಲು ಎಟಕಲ್ಲ, ಹಾಗೆ. ಇದು ಯಾರಿಗಪ್ಪಾ ಅಂತ ಕೇಳಿದೆ. ಇಡೀ ಸರ್ಕಾರಕ್ಕೆ ಅಂದ. ನಂಗೆ ಯಾರೂ ಕಣ್ಣ ಮುಂದೆ ಬರ್ಲಿಲ್ಲ. ಇವನು ಎದುರಿಗೆ ಕೂತು ಏನೋ ಬರೀತಿದ್ದ. ಇವನನ್ನ ನೋಡ್ಕೊಂಡೇ ಮಾಡ್ದೆ."

"ನನ್ನ ಬಲಗೈಗೆ ಏನಾಗಿದೆ?" ಎಂದ ಅವನು.

"ಕೈಗೇನಾಗಿಲ್ಲ. ಭುಜ. ಬಲಗಡೆ ಇಳಿದಿದೆ. ಚಿಕ್ಕಂದಿನಿಂದ್ಲೂ."

ಇನ್‌ಸ್ಪೆಕ್ಟರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಇದ್ರಲ್ಲಿ ಒಂದ್ಸಲ ಕೂತ್ಕೊಳ್ಳಿ."

ಅವನು ಕೂತ. ಬೆನ್ನು ಹಲಗೆಗೆ ಒರಗಿತು. ಎರಡು ತೋಳೂ ತಾವಾಗಿ ಇಳಿದು ಕುರ್ಚಿಯ ಕೈಗಳ ಮೇಲೆ ಮಲಗಿದವು. ಎಷ್ಟು ಸರಿಯಾಗಿ ಹೊಂದಿತೆಂದರೆ ಕೂತಿದ್ದೇನೆ ಎನ್ನುವುದೇ ತಿಳಿಯಲಿಲ್ಲ. ಅಂಗಿಯ ಬಲತೋಳು ಉದ್ದವಾಯಿತೆಂದು ಇಪ್ಪತ್ತು ವರ್ಷ ದರ್ಜಿಗಳನ್ನು ಬೈದಿದ್ದ. ಮೂವರನ್ನು ಬದಲಾಯಿಸಿದ್ದ. ಯಾರೊಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ಅಚ್ಚು ಹೊಯ್ದ ಹಾಗಿದೆ," ಎಂದರು ಇನ್‌ಸ್ಪೆಕ್ಟರು. ಅದರಲ್ಲಿ ಮೆಚ್ಚುಗೆಯೂ ಇತ್ತು. "ಈಗ ನೋಡಿ, ಎರಡು ದಾರಿ. ಮಾದರಿ ತಪ್ಪು ಅಂತ ಬರ್ಕೊಡಿ. ಅದು ರದ್ದಾಗತ್ತೆ, ಟೆಂಡರೂ ರದ್ದಾಗತ್ತೆ, ಹೊಸದಾಗಿ ಕರೀತಾರೆ. ಹನ್ನೊಂದು ರೂಪಾಯಿಗೆ ಸೋತೋರು ಕಾಯ್ತಾನೇ ಇದ್ದಾರೆ. ಇಲ್ಲಾಂದ್ರೆ ಇವನ್ನೆಲ್ಲ ಮಾದರಿ ಹಾಗೆ ಮಾಡಿ. ಪುಣ್ಯಕ್ಕೆ ನಿಮ್ಮ ಬಲಗೈ ಎತ್ತರ ಆಗಿದೆ, ಗಿಡ್ಡ ಅಲ್ಲ. ಕೊಯ್ಯಬಹುದು."

ಅಪ್ಪನಿಗೆ ತಡೆಯಲಾಗಲಿಲ್ಲ. "ಸರಿಯಾಗಿರೋ ಕುರ್ಚೀನ ಕೊಯ್ಯೋದಾ? ಬರ್ಕೊಡೋ. ಮುದುಕನ ತಪ್ಪು ಅಂತ ಬರಿ. ನಾನು ಬಂದು ಕೈ ಮುಗೀತೀನಿ."

"ಕೈ ಮುಗಿದ್ರೆ ಕೆಲಸ ಆಗೋ ಕಾಲ ಹೋಯ್ತಪ್ಪಾ."

"ಇದು ನಿಂಗೆ ಮಾತ್ರ ಸರಿ ಕಣೋ. ಬೇರೆಯೋರು ಕೂತ್ರೆ ವಾಲ್ತಾರೆ."

"ಮೊಹರು ಬಿದ್ದಿದೆ. ಇನ್ನು ಎಲ್ಲರಿಗೂ ಸರಿ."

ಹೇಳಿದ ಮೇಲೆ ಆ ಮಾತು ಅವನಿಗೇ ಇಷ್ಟವಾಯಿತು. ಅಪ್ಪ ಅವನ ಮುಖ ನೋಡಲಿಲ್ಲ, ಭುಜ ನೋಡಿದರು.

"ಮನೇಲಿ ನೀನು ಯಾವತ್ತೂ ಕೂತಿದ್ದು ಗಿರಾಕಿಗಳು ಬೇಡ ಅಂದ ಕುರ್ಚಿ ಮೇಲೆ," ಎಂದರು. "ನಿಂಗೆ ಅಂತ ನಾನು ಮಾಡಿದ್ದು ಇದೊಂದೇ. ವಾಪಸ್ ಬಂದ್ರೆ ಮನೇಲಿ ಇಟ್ಕೊಳ್ಳೋಣ ಅಂತಿದ್ದೆ."

"ಅದು ಬರಲ್ಲ ಯಜಮಾನ್ರೇ," ಎಂದರು ಇನ್‌ಸ್ಪೆಕ್ಟರು ಮೆತ್ತಗೆ. "ಮಾದರಿ ನಮ್ಮ ಕಚೇರೀಲೇ ಇರತ್ತೆ."

ಅಪ್ಪ ತಲೆಯಾಡಿಸಿ ಹೊರಗೆ ಹೋದರು. ಹಿಂದಿನ ಬಾಗಿಲಿನಿಂದ.

ಮಧ್ಯಾಹ್ನವೆಲ್ಲ ಗರಗಸದ ಸದ್ದು. ಆಳುಗಳ ಒಂದು ಗುಂಪು ಬಲಗೈ ಬಿಚ್ಚುತ್ತಿತ್ತು, ಇನ್ನೊಂದು ಅದರ ಗೂಟವನ್ನು ಅರ್ಧ ಇಂಚು ಕೊಯ್ಯುತ್ತಿತ್ತು, ಮತ್ತೊಂದು ಅಂಟು ಹಚ್ಚಿ ಕೂರಿಸುತ್ತಿತ್ತು. ನೆಲದ ಮೇಲೆ ಮರದ ಬಿಲ್ಲೆಗಳು ಗುಡ್ಡೆ ಬಿದ್ದವು. ಮೇಸ್ತ್ರಿ ಒಂದೇ ಸಲ ಕೇಳಿದ, "ಸಾರ್, ಇನ್ಮೇಲೆ ಎಲ್ಲಾನೂ ಹೀಗೇನಾ?"

"ಎಲ್ಲಾನೂ."

"ಮರ ಉಳಿಯತ್ತೆ ಬಿಡಿ," ಎಂದ ಮೇಸ್ತ್ರಿ. ಮೇಸ್ತ್ರಿಯೂ ತನ್ನಂತೆ ಲೆಕ್ಕದ ಮನುಷ್ಯ ಎಂದು ಅವನಿಗೆ ಸಮಾಧಾನವಾಯಿತು.

ಹೆಂಡತಿಗೆ ಫೋನ್ ಮಾಡಿದ. "ನನ್ನ ಬಲಭುಜ ಇಳಿದಿದೆ, ನಿಂಗೆ ಗೊತ್ತಿತ್ತಾ?"

"ಹೆಣ್ಣು ನೋಡೋಕೆ ಬಂದಿದ್ರಲ್ಲ, ಅವತ್ತೇ ನೋಡ್ದೆ."

"ಹೇಳಬಾರದಾಗಿತ್ತಾ?"

"ಹೇಳಿ ಏನ್ಮಾಡೋದು? ಜಾಕ್ ಹಾಕಿ ಎತ್ತೋದಾ? ಆರ್ಡರ್ ಏನಾಯ್ತು ಅದನ್ನ ಹೇಳಿ."

"ಪಾಸಾಗತ್ತೆ."

"ಮತ್ತೆ ಭುಜದ ಮಾತ್ಯಾಕೆ?"

ಇನ್‌ಸ್ಪೆಕ್ಟರು ನಾಲ್ಕು ಗಂಟೆಗೆ ಮತ್ತೆ ಅಳೆದರು. ಈ ಸಲ ಎರಡು ಕೈಗಳನ್ನೂ. ಎಲ್ಲವೂ ಮಾದರಿಯ ಹಾಗೇ ಇದ್ದವು. ರುಜು ಹಾಕಿ, ಕೈ ಕುಲುಕಿ, "ಇಷ್ಟು ಬೇಗ ಸರಿ ಮಾಡಿದೋರನ್ನ ನಾನು ನೋಡಿಲ್ಲ" ಎಂದರು. ಬಾಯಿಮಾತಲ್ಲ, ನಿಜವಾಗಿಯೂ ಅಂದರು. ಅವನ ಎದೆ ಉಬ್ಬಿತು. ಮೊದಲ ಲಾರಿಯ ಜೊತೆ ತಾನೇ ಹೊರಟ.

ದೊಡ್ಡಾಸ್ಪತ್ರೆಯ ಹೊರರೋಗಿಗಳ ವಿಭಾಗ. ಅಲ್ಲಿಯವರೆಗೆ ಜನ ಗೋಡೆಗೆ ಒರಗಿಯೋ ನೆಲದ ಮೇಲೋ ಕಾಯುತ್ತಿದ್ದ ಉದ್ದನೆಯ ಪಡಸಾಲೆ. ಕುರ್ಚಿಗಳು ಇಟ್ಟ ಕೂಡಲೇ ತುಂಬಿದವು. ಬಸುರಿಯೊಬ್ಬಳು ಉಸ್ಸೆಂದು ಕಾಲು ಚಾಚಿದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕನೊಬ್ಬ ಕುರ್ಚಿಯ ಕೈಗಳನ್ನು ತಡವಿ ನೋಡಿ ಕೂತ. ನೆಲದಿಂದ ಎದ್ದವರ ಮುಖದಲ್ಲಿ ಒಂದು ಮರ್ಯಾದೆ ಬಂತು. ಅದನ್ನು ಅವನು ಕಣ್ಣಾರೆ ಕಂಡ. ಅಪ್ಪ ಜೀವಮಾನವಿಡೀ ಸಾಹೇಬರನ್ನು ಕೂರಿಸಿದವರು. ತಾನು ಇವರನ್ನು ಕೂರಿಸಿದೆ. ಈ ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ.

"ಯಾರು ಮಾಡ್ಸಿದ್ದಪ್ಪಾ ಇದನ್ನ?" ಪಟ್ಟಿ ಕಟ್ಟಿದ ಮುದುಕ ಕೇಳಿದ.

ಅವನು ಬಾಯಿ ತೆರೆಯುವಷ್ಟರಲ್ಲಿ ಜವಾನ ಉತ್ತರ ಕೊಟ್ಟ. "ಸರ್ಕಾರದ್ದು ಅಜ್ಜಾ. ಮೇಲಿಂದ ಬಂದಿದೆ."

"ಚೆನ್ನಾಗಿದೆ. ಯಾಕೋ ಒಂದು ಕಡೆ ಎಳೀತದೆ."

"ಹೊಸದು ಹಾಗೇ. ಕೂತು ಕೂತು ಅಭ್ಯಾಸ ಆಗತ್ತೆ."

ನಿಜ, ಹೊತ್ತು ಹೋದ ಹಾಗೆ ಅಭ್ಯಾಸವಾಯಿತು. ಮೊದಲು ಮುದುಕನ ಬಲಭುಜ ಇಳಿಯಿತು. ಆಮೇಲೆ ಬಸುರಿಯದು, ಆಮೇಲೆ ಅವಳ ಪಕ್ಕದವನದು. ಸಾಲಿನಿಂದ ಸಾಲಿಗೆ ಎಲ್ಲರೂ, ಯಾರೋ ಹೇಳಿಕೊಟ್ಟ ಹಾಗೆ, ಬಲಕ್ಕೆ ಸ್ವಲ್ಪವೇ ವಾಲಿ ಬಾಗಿಲಿನ ಕಡೆ ನೋಡುತ್ತಾ ಕೂತರು. ಹಿಂದಿನಿಂದ ನೋಡಿದರೆ ಎಲ್ಲ ಬೆನ್ನುಗಳೂ ಒಂದೇ ಬೆನ್ನು. ತನ್ನ ಬೆನ್ನನ್ನು ಅವನು ಹಿಂದಿನಿಂದ ನೋಡಿದ್ದು ಅದೇ ಮೊದಲು.

ಅವನಿಗೂ ಕೂರಬೇಕೆನಿಸಿತು. ಖಾಲಿ ಇರಲಿಲ್ಲ.

ಕಿಟಕಿಯಲ್ಲಿ ನರ್ಸು ಇಣುಕಿ ಅವನನ್ನು ನೋಡಿದಳು. "ನಿಮ್ಮ ನಂಬರ್ ಎಷ್ಟು?"

"ನನಗೆ ನಂಬರ್ ಇಲ್ಲ."

"ಹಾಗಾದ್ರೆ ದಾರಿ ಬಿಟ್ಟು ನಿಂತ್ಕೊಳ್ಳಿ."

ಅವನು ಗೋಡೆಯ ಬದಿಗೆ ಸರಿದು ನಿಂತ. ಹನ್ನೆರಡು ಸಾವಿರ ಕುರ್ಚಿಗಳ ಗುತ್ತಿಗೆ ಉಳಿದಿತ್ತು. ಅಪ್ಪ ಅವನಿಗೆಂದು ಮಾಡಿದ ಒಂದು ಕುರ್ಚಿ ಹೋಗಿತ್ತು.