ನೋವಾಗದ ಕೈ

ನಾನು ಒಂದು ಎಡಗೈ. ಭುಜದಿಂದ ಬೆರಳ ತುದಿಯವರೆಗೆ ಬರೀ ರಬ್ಬರು, ಆಚೆ ದೇಹವಿಲ್ಲ. ಕಾರ್ಖಾನೆಯಲ್ಲಿ ನನ್ನನ್ನು ಅಚ್ಚಿನಿಂದ ಬಿಡಿಸಿ, ಚರ್ಮದ ಕೆಳಗೆ ಎರಡು ಕೊಳವೆ ತೂರಿಸಿ, ರಕ್ತನಾಳವೆಂದು ಹೆಸರಿಟ್ಟರು. ಗದಗಿನ ಒಂದು ನರ್ಸಿಂಗ್ ಶಾಲೆಗೆ ಬಂದ ದಿನವೇ ಅವುಗಳಿಗೆ ಕೆಂಪು ನೀರು ತುಂಬಿದರು. ಅಂದಿನಿಂದ ಚುಚ್ಚಿಸಿಕೊಳ್ಳುವುದೇ ನನ್ನ ಕೆಲಸ.

ಚುಚ್ಚಲಿ, ಬೇಡವೆನ್ನುವುದಿಲ್ಲ. ಆದರೆ ಮೊದಲ ತಂಡದವರು ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ತೂತು ಮಾಡಿದರು. ಮುಂದಿನವರು ನಾಳ ಹುಡುಕುವುದನ್ನು ಬಿಟ್ಟು ಆ ತೂತನ್ನೇ ಹುಡುಕಿದರು. ಊಟದ ಡಬ್ಬಿಯ ಮಾತಾಡುತ್ತಲೇ ಸೂಜಿ ಹಾಕಿದವರೂ ಉಂಟು. ನಾನು ಕದಲುವವನಲ್ಲ, ನನ್ನ ನಾಳವೂ ಸರಿಯುವುದಿಲ್ಲ. ಹೀಗಾಗಿ ಎಲ್ಲರೂ ಪಾಸು.

ಜುಬೇದಾ ನದಾಫಳಿಗಂತೂ ನೂರಕ್ಕೆ ತೊಂಬತ್ತೆಂಟು. ವಾರ್ಡಿಗೆ ಹೋದ ಮೊದಲ ದಿನ ಮಧ್ಯಾಹ್ನವೇ ಅವಳು ತಿರುಗಿ ಬಂದು ನನ್ನೆದುರು ಕುಸಿದು ಕುಳಿತಳು. ವಾಂತಿಭೇದಿಯಿಂದ ಬಾಡಿದ ಅಜ್ಜಿಯೊಬ್ಬಳಿಗೆ ಸಲೈನ್ ಹಾಕಬೇಕಿತ್ತಂತೆ. ಸೂಜಿ ತಾಗಿದೊಡನೆ ನಾಳ ಪಕ್ಕಕ್ಕೆ ಜಾರಿತಂತೆ. ನಾಲ್ಕು ಸಲ ಚುಚ್ಚಿದರೂ ಸಿಗದೆ, ಕೊನೆಗೆ ಹಿರಿಯ ನರ್ಸ್ ಬಂದು ಹಾಕಿದರಂತೆ. ಅಜ್ಜಿ ಬೈಯಲಿಲ್ಲವಂತೆ, ಇವಳತ್ತ ನೋಡಲೂ ಇಲ್ಲವಂತೆ. ಕೋರ್ಸ್ ಬಿಡುತ್ತೇನೆ ಎಂದಳು ಜುಬೇದಾ.

ಪಾಠ ಹೇಳುವ ಸಿಸ್ಟರ್ ಹೇಮಾವತಿ ಹಾದಿಮನಿ ನನ್ನನ್ನೆತ್ತಿ ಪಕ್ಕಕ್ಕಿಟ್ಟರು. ನನ್ನ ಜಾಗದಲ್ಲಿ ತಮ್ಮ ಕೈ ಚಾಚಿದರು.

"ಇದಕ್ಕ ಚುಚ್ಚು," ಎಂದರು.

"ಬ್ಯಾಡ್ರಿ ಮೇಡಂ. ನಿಮಗ ನೋವಾಗ್ತೈತ್ರಿ."

"ಆಗ್ಲಿ. ಇಷ್ಟು ದಿನ ನೋವಾಗದ ಕೈಗೆ ಚುಚ್ಚೀದಿ. ಅದಕ್ಕ ಹಿಂಗಾಗೇತಿ."

ನನಗೆ ರೇಗಿತು. ನೋವಿಲ್ಲದಂತೆ ನನ್ನನ್ನು ಮಾಡಿದವರು ಯಾರು? ಆದರೆ ಕೇಳುವ ಬಾಯಿಲ್ಲ.

ಮೊದಲ ಸಲ ನಾಳ ಜಾರಿತು. ಸಿಸ್ಟರ್ ತುಟಿ ಕಚ್ಚಿದರು. ಚರ್ಮದ ಕೆಳಗೆ ನೀಲಿ ಗಂಟೆದ್ದಿತು. ಜುಬೇದಾ ಹೊಸ ಸೂಜಿ ತೆಗೆದುಕೊಂಡಳು. ಆಮೇಲೆ ಸಿಸ್ಟರ್ ಮುಖ ನೋಡಿ, ಸ್ವಲ್ಪ ತಡೆದುಕೊಳ್ಳಿ ಎಂದು ಮೆಲ್ಲಗೆ ಹೇಳಿದಳು. ಅಂಥ ಮಾತನ್ನು ನನಗೆ ಒಬ್ಬರೂ ಹೇಳಿರಲಿಲ್ಲ. ಹೆಬ್ಬೆರಳಿನಿಂದ ಚರ್ಮವನ್ನು ಕೆಳಕ್ಕೆ ಎಳೆದು ನಾಳವನ್ನು ಹಿಡಿದು ನಿಲ್ಲಿಸಿದಳು. ಸೂಜಿಯ ಬುಡದಲ್ಲಿ ರಕ್ತ ಕಂಡಿತು. ನನ್ನ ನೀರಿಗಿಂತ ಅದು ಎಷ್ಟೋ ಕಪ್ಪಾಗಿತ್ತು.

ಮರುದಿನ ಅವಳು ವಾರ್ಡಿಗೆ ಹೋದಳು. ಕೋರ್ಸ್ ಬಿಡಲಿಲ್ಲ.

ಈಗ ನನ್ನ ಮೈ ಬಿರಿದಿದೆ, ನೀರು ಸೋರುತ್ತದೆ. ಅಲಮಾರಿನ ಮೇಲಿಟ್ಟಿದ್ದಾರೆ. ಕೆಳಗೆ ಹೊಸ ಕೈ ಬಂದಿದೆ. ತಪ್ಪಾಗಿ ಚುಚ್ಚಿದರೆ ಅದು ನರಳುತ್ತದೆ, ಒಳಗೊಂದು ಯಂತ್ರವಿದೆಯಂತೆ. ಇನ್ನಾದರೂ ಕಲಿಯುತ್ತಾರೆಂದು ಸಮಾಧಾನಪಟ್ಟೆ. ಎಲ್ಲಿಯ ಕಲಿಕೆ? ಆ ನರಳಾಟ ಕೇಳಲೆಂದೇ ಹುಡುಗಿಯರು ನಗುತ್ತಾ ಇನ್ನೊಮ್ಮೆ ಚುಚ್ಚುತ್ತಿದ್ದಾರೆ.