ಏಕನಾಥಮ್ಮ ಕೊಡದ ಲೇಹ

ಭುಜದ ಕೀಲು ತಪ್ಪಿದ್ದು ಜುಂಜಪ್ಪನಿಗೇ ಗೊತ್ತಾಗಿರಲಿಲ್ಲ. ಹೊಳಲ್ಕೆರೆಯ ಕುಸ್ತಿ ಗೆದ್ದು, ಸಾಹುಕಾರ ಪಂಚಾಕ್ಷರಪ್ಪ ಉಡುಗೊರೆ ಕೊಟ್ಟ ಜರಿ ರುಮಾಲು ಸುತ್ತಿಕೊಂಡು ಅವನು ತನ್ನ ಊರಾದ ಮತ್ತೋಡಿಗೆ ಬಂದಾಗ ಬಲಗೈ ನೇತಾಡುತ್ತಿತ್ತು. ಅದನ್ನು ಮೊದಲು ಕಂಡವಳು ಅವನ ಅಕ್ಕ ಏಕನಾಥಮ್ಮ.

"ಲೇ, ಭುಜ ಕೆಳಗಿಳದೈತಲ್ಲೋ."

ಅವನು ತಿರುಗಿ ನೋಡಿಕೊಂಡು ನಕ್ಕ. "ಹೌದಲ್ಲ. ನೋವೇನಿಲ್ಲ ಬಿಡಕ್ಕ."

ನೋವಿಲ್ಲ ಎಂಬ ಮಾತು ಅವಳಿಗೆ ಹಿಡಿಸಲಿಲ್ಲ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಕುರಿ, ತಮ್ಮ, ಒಲೆ ಮೂರನ್ನೂ ನೋಡಿಕೊಂಡಿದ್ದವಳು ಅವಳು. ಮಾತು ಕಡಿಮೆ. ನಾಲ್ಕು ಜನ ಸೇರಿದ ಕಡೆ ಸೆರಗು ಎಳೆದುಕೊಂಡು ಗೋಡೆಗೆ ಅಂಟಿಕೊಂಡು ನಿಲ್ಲುವುದೇ ಅಭ್ಯಾಸ. ಆದರೆ ಕಣ್ಣಿಗೆ ಬಿದ್ದದ್ದನ್ನು ಬಿಡುವವಳಲ್ಲ. ತಮ್ಮ ಈಚೆಗೆ ಮುದ್ದೆ ಅರ್ಧಕ್ಕೇ ಬಿಟ್ಟು ಏಳುವುದು, ಕೂತಲ್ಲೇ ತೂಕಡಿಸುವುದು, ಹೊತ್ತಿಗೆ ಸರಿಯಾಗಿ ಲೇಹ ಸಿಗದಿದ್ದರೆ ಮೂಗು ಸುರಿಸಿಕೊಂಡು ಸಿಡುಕುವುದು, ಎಲ್ಲವೂ ಅವಳ ಲೆಕ್ಕಕ್ಕೆ ಬಂದಿತ್ತು.

ಆ ಲೇಹ ಸಾಹುಕಾರರದು. ಬಾದಾಮಿ, ಕೇಸರಿ, ಬೆಳ್ಳಿ ಭಸ್ಮ ಹಾಕಿ ಚಿತ್ರದುರ್ಗದಲ್ಲಿ ಮಾಡಿಸಿದ್ದು ಎಂದು ಹೇಳಿ ಪಿಂಗಾಣಿ ಜಾಡಿಯಲ್ಲಿ ತಂದುಕೊಟ್ಟಿದ್ದರು. ಗರಡಿಯಲ್ಲಿ ಯಾರಾದರೂ ವಿಷ ಬೆರೆಸಿಯಾರು, ಮನೆಯ ಹೆಣ್ಣುಮಗಳ ಕೈಯಿಂದಲೇ ಹೋಗಲಿ ಎಂದು ಅವಳಿಂದ ಆಣೆಯನ್ನೂ ಹಾಕಿಸಿಕೊಂಡಿದ್ದರು. ಕುರುಬರ ಮನೆಯಲ್ಲಿ ಆಣೆ ಎಂದರೆ ಕಂಬಳಿಯ ಆಣೆ. ಕರಿ ಕಂಬಳಿ ಹಾಸಿ, ಮೇಲೆ ಅರಿಶಿನದ ಭಂಡಾರ ಚೆಲ್ಲಿ, ಬರಿಗಾಲಲ್ಲಿ ನಿಂತು ಅವಳು ಹೇಳಿದ್ದಳು: ಜುಂಜಪ್ಪ ಹಿರಿಯೂರಿನ ಪೈಲ್ವಾನನನ್ನು ಚಿತ್ ಮಾಡುವವರೆಗೆ ದಿನವೂ ಬೆಳಗ್ಗೆ ಹಾಲಿನ ಜೊತೆ ಲೇಹ ನನ್ನ ಕೈಯಲ್ಲೇ ಕೊಡುತ್ತೇನೆ. ಜಾಡಿಯಲ್ಲಿ ಏನಿದೆ ಎಂದು ಆಗ ಕೇಳಬೇಕೆಂದು ಅವಳಿಗೆ ತೋಚಿರಲಿಲ್ಲ. ಕಂಬಳಿಯ ಮೇಲೆ ನಿಂತವರು ಪ್ರಶ್ನೆ ಕೇಳುವ ಪದ್ಧತಿಯೂ ಇರಲಿಲ್ಲ.

ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದಿ ಚಿತ್ತಯ್ಯ ಬಂದು ಭುಜ ಕೂರಿಸಿ ಬಟ್ಟೆ ಕಟ್ಟಿಹೋದ ಮರುದಿನ ಅವಳು ಜಾಡಿಯ ಮುಚ್ಚಳ ತೆಗೆದು ಬೆರಳ ತುದಿ ಅದ್ದಿ ನೆಕ್ಕಿದಳು. ಬೆಲ್ಲದ ಸಿಹಿ ಕರಗಿದ ಮೇಲೆ ಉಳಿದ ಕಹಿ ಅವಳಿಗೆ ಗೊತ್ತಿದ್ದದ್ದೇ. ಸುಗ್ಗಿಯಲ್ಲಿ ಹೊಲಕ್ಕೆ ಹೋಗುವ ತಾಯಂದಿರು ಕೂಸು ಅಳದೆ ಮಲಗಲೆಂದು ನೆಕ್ಕಿಸುವ ಅಫೀಮಿನ ಕಹಿ.

ಖಾತ್ರಿ ಮಾಡಿಕೊಳ್ಳಬೇಕೆನಿಸಿತು. ತಮ್ಮನಿಗೆ ಕೊಡುವುದರಲ್ಲಿ ಅರ್ಧ ತೆಗೆದು ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿನಲ್ಲೇ ಮೈ ಹಗುರಾಯಿತು. ಬಾವಿಯಿಂದ ತುಂಬಿದ ಕೊಡಗಳನ್ನು ಹೊತ್ತು ತಂದಳು, ಏದುಸಿರಿಲ್ಲ. ಒಲೆಯ ಮೇಲಿನ ಮುದ್ದೆಯ ಮಡಕೆಯನ್ನು ಬರಿಗೈಯಲ್ಲೇ ಇಳಿಸಿದಳು. ಆಮೇಲೆ ವಾಂತಿ, ಎಲ್ಲಿಲ್ಲದ ನಿದ್ದೆ. ಸಂಜೆ ಎಚ್ಚರವಾದಾಗ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಸುಟ್ಟದ್ದು ಯಾವಾಗ ಎಂದು ಎಷ್ಟು ನೆನೆದರೂ ನೆನಪಾಗಲಿಲ್ಲ.

ಆ ಕೈಗಳನ್ನೇ ತಮ್ಮನ ಮುಂದೆ ಹಿಡಿದಳು. "ನೋಡು. ನಿನ್ನ ಲೇಹ ತಿಂದೆ, ಸುಟ್ಟಿದ್ದೇ ತಿಳೀಲಿಲ್ಲ. ನಿನ್ನ ಭುಜಾನೂ ಹಿಂಗೇ ಆಗಿರೋದು."

ಜುಂಜಪ್ಪ ಅಕ್ಕನ ಅಂಗೈಗಳನ್ನು ಬೆಳಕಿಗೆ ತಿರುಗಿಸಿ ನೋಡಿದ. "ನಂಗೂ ಅನುಮಾನ ಇತ್ತಕ್ಕ. ಒಂದಿನ ನಿಂಗೆ ಕಾಣದಂಗೆ ಉಗುಳಿ ನೋಡ್ದೆ. ಮೂಳೆ ಮೂಳೆ ಕಡೀತು. ಹೆದ್ರಿಕೊಂಡು ಮತ್ತೆ ತಗಂಡೆ."

"ಹಿಂಗೇ ತಗಂತಿದ್ರೆ?"

"ಇನ್ನೊಂದ್ಸಲ ಕೀಲು ತಪ್ಪಿದ್ರೆ ಕೈ ಮುಗೀತು ಅಂದ್ರು ವಸ್ತಾದಿ. ತಗಂಡ್ರೆ ತಪ್ಪಿದ್ದೂ ಗೊತ್ತಾಗಲ್ಲ, ಹಂಗೇ ಆಡ್ತಿರ್ತೀನಿ."

ಮಾರನೆಯ ದಿನವೇ ಸಾಹುಕಾರರ ಕಮಾನುಗಾಡಿ ಬಾಗಿಲಿಗೆ ಬಂತು. ಏಕನಾಥಮ್ಮ ನೆಲ ನೋಡುತ್ತಲೇ ಹೇಳಿದಳು. "ಸಾವ್ಕಾರ್ರೆ, ಇದ್ರಾಗೆ ಅಫೀಮು ಐತೆ."

ಪಂಚಾಕ್ಷರಪ್ಪ ಬೆಚ್ಚಲಿಲ್ಲ. ಎಲೆಗೆ ಸುಣ್ಣ ಸವರುತ್ತ ನಕ್ಕರು. "ಇದ್ರೇನಮ್ಮ? ಗೆಲ್ತಾ ಇಲ್ವಾ ಅವ್ನು? ಕಾಳಗಕ್ಕೆ ಬಿಡೋ ಟಗರಿಗೆ ಸಾರಾಯಿ ಕುಡಿಸಲ್ವಾ ನಿಮ್ಮೋರು?"

"ಕುಡಿಸ್ತಾರೆ. ತಲೆ ಒಡ್ಕಂಡ ಮೇಲೆ ಆ ಟಗರನ್ನೇ ಕೊಯ್ದು ಉಣ್ತಾರೆ."

ಸಾಹುಕಾರರ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. "ಭಾಳ ಮಾತು ಬಂತಲ್ಲ ಇವಳಿಗೆ. ಕಂಬಳಿ ಮೇಲೆ ನಿಂತು ಏನಂದಿದ್ದೆ ಅಂತ ನೆನಪೈತಾ? ಹೊಸದುರ್ಗದ ಕುಸ್ತಿ ದಿನ ಎಲ್ರ ಮುಂದೆ ಕೊಡ್ತೀಯ. ಹಿರಿಯೂರಿನೋರೂ ನೋಡ್ಲಿ."

ಕಂಬಳಿಯ ಆಣೆ ಮುರಿಯಲು ದಾರಿ ಇಲ್ಲದಿರಲಿಲ್ಲ. ಆಣೆ ಹಾಕಿಸಿಕೊಂಡವರ ಎದುರಿಗೇ ಅದೇ ಕಂಬಳಿ ಹಾಸಿ, ಆಣೆ ಹಾಕಿದವರೇ ಅದರ ಮೇಲೆ ನಿಂತು, ಯಾಕೆ ಮುರಿಯುತ್ತೇನೆಂದು ಜನರಿಗೆ ಕೇಳುವಂತೆ ಹೇಳಿ, ಭಂಡಾರವನ್ನು ಮಣ್ಣಿಗೆ ಕೊಡವಬೇಕು. ಹಾಗೆ ಮಾಡಿದವರಿಗೆ ಒಂದು ವರ್ಷ ಕುಲದ ಊಟದಲ್ಲಿ ಎಲೆ ಹಾಕುವುದಿಲ್ಲ. ಹೆಂಗಸೊಬ್ಬಳು ಹಾಗೆ ಮಾಡಿದ್ದನ್ನು ಮತ್ತೋಡಿನ ಹಿರಿಯರೂ ಕೇಳಿರಲಿಲ್ಲ.

ಅವಳು ಮೊದಲು ಮಾಡಿದ್ದು ತಮ್ಮನನ್ನು ಕುರಿಮಂದೆಯ ಜೊತೆ ಗುಡ್ಡದ ಮೇಲೆ ಮುಳ್ಳುಬೇಲಿ ಹಾಕಿದ ಕುರಿರೊಪ್ಪಕ್ಕೆ ಕರೆದೊಯ್ದದ್ದು. ಜಾಡಿ ಮನೆಯಲ್ಲೇ ಉಳಿಯಿತು. ಜುಂಜಪ್ಪ ಅಲ್ಲಿ ಬೆವರಿದ, ನಡುಗಿದ, ಹೊಟ್ಟೆ ಹಿಡಿದುಕೊಂಡು ಹೊರಳಾಡಿದ. ಅಕ್ಕನನ್ನು ಬಾಯಿಗೆ ಬಂದಂತೆ ಬೈದ. ಒಮ್ಮೆ ಎದ್ದು ಊರ ಕಡೆ ಓಡಲು ನೋಡಿದ. ಅವಳು ರೊಪ್ಪದ ಬಾಗಿಲಿನ ಮುಳ್ಳಿಗೆ ಬೆನ್ನು ಕೊಟ್ಟು ಕೂತಳು.

"ದಾರಿ ಬಿಡೇ ಅಕ್ಕ, ಜೀವ ಹೋಗ್ತೈತೆ."

"ಹೋಗಲ್ಲ. ಹೋಗೋಹಂಗಿದ್ರೆ ಇಷ್ಟು ಬೈತಿರ್ಲಿಲ್ಲ ನೀನು."

ಕುರಿಹಾಲು, ಹುರುಳಿಕಟ್ಟು, ತೆಳ್ಳಗಿನ ಅಂಬಲಿ. ಮೊದಮೊದಲು ಹೊಟ್ಟೆಯಲ್ಲಿ ಒಂದೂ ನಿಲ್ಲಲಿಲ್ಲ. ಆಮೇಲೆ ನಿಂತಿತು. ಒಂದು ಬೆಳಗ್ಗೆ ಅವನು ತಾನಾಗಿಯೇ ಮುದ್ದೆ ಕೇಳಿದ. ಭುಜ ಮುಟ್ಟಿಕೊಂಡು ಮುಖ ಕಿವುಚಿದ. ಎಷ್ಟೋ ತಿಂಗಳ ನೋವು ಒಟ್ಟಿಗೇ ಬಂದಹಾಗಿತ್ತು. "ಈ ಭುಜದಾಗೆ ಗೆಲ್ಲಾಕಾಗಲ್ಲಕ್ಕ," ಎಂದ. "ಆದ್ರೂ ಹೋಗಾಣ. ಮನೇಲಿ ಕುಂತ್ರೆ ಹೆದ್ರಿಕೊಂಡ ಅಂತಾರೆ."

ಕುಸ್ತಿಯ ದಿನ ಹೊಸದುರ್ಗದಲ್ಲಿ ಸಾಹುಕಾರರ ಗರಡಿಯ ಮುಂದೆ ಜನ ಕಿಕ್ಕಿರಿದಿದ್ದರು. ಮಾರಿಕಣಿವೆಯ ಅಣೆಕಟ್ಟೆಯ ಕೆಲಸದಲ್ಲಿ ಕಲ್ಲು ಹೊತ್ತು ಮೈ ಬೆಳೆಸಿದವನಂತೆ ಹಿರಿಯೂರಿನ ಪೈಲ್ವಾನ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಅಖಾಡದ ಪಕ್ಕದಲ್ಲಿ ಸಾಹುಕಾರರು ಬೆಳ್ಳಿ ಬಟ್ಟಲಲ್ಲಿ ಲೇಹ ಕಲಸಿದ ಹಾಲು ಹಿಡಿದುಕೊಂಡು ನಿಂತಿದ್ದರು.

"ಬಾರಮ್ಮ, ಕೊಡು ನಿನ್ನ ತಮ್ಮನಿಗೆ."

ಏಕನಾಥಮ್ಮ ಬಂದಳು. ಬಟ್ಟಲನ್ನು ಮುಟ್ಟಲಿಲ್ಲ. ಹೆಗಲ ಮೇಲಿದ್ದ ಅದೇ ಕರಿ ಕಂಬಳಿಯನ್ನು ತೆಗೆದು ಹಾಸಿ, ಸೆರಗಿನ ಗಂಟು ಬಿಚ್ಚಿ ಭಂಡಾರ ಚೆಲ್ಲಿ, ಮೇಲೆ ನಿಂತಳು. ಗದ್ದಲ ತಾನಾಗಿಯೇ ಅಡಗಿತು. ಕುರುಬರಲ್ಲದವರಿಗೂ ಕಂಬಳಿ ಹಾಸಿದರೆ ಏನೆಂದು ಆ ಸೀಮೆಯಲ್ಲಿ ಗೊತ್ತಿತ್ತು.

"ನಾನು ಈ ಲೇಹ ಕೊಡ್ತೀನಿ ಅಂತ ಆಣೆ ಹಾಕಿದ್ದೆ," ಎಂದಳು. ದನಿ ಸಣ್ಣಗಿತ್ತು, ಆದರೆ ಒಡೆಯಲಿಲ್ಲ. "ಇದ್ರಾಗೆ ಅಫೀಮು ಐತೆ. ಇದನ್ನ ತಿಂದೇ ನನ್ನ ತಮ್ಮ ಹೊಳಲ್ಕೆರೇಲಿ ಗೆದ್ದಿದ್ದು. ಕೀಲು ತಪ್ಪಿದ್ರೂ ಅವನಿಗೆ ತಿಳೀಲಿಲ್ಲ. ನಾನು ಇನ್ ಕೊಡಲ್ಲ. ನನ್ನ ಆಣೆ ನಾನೇ ಮುರಿತೀನಿ."

ಕೆಳಗಿಳಿದು ಕಂಬಳಿಯ ತುದಿ ಹಿಡಿದು ಕೊಡವಿದಳು. ಅರಿಶಿನದ ಪುಡಿ ಸಾಹುಕಾರರ ಪಂಚೆಯ ಮೇಲೂ ಬಿತ್ತು.

"ಹೆಂಗಸಿನ ಮಾತು ಕಟ್ಕೊಂಡು ಕುಸ್ತಿ ನಡೀತೈತೇನ್ರಯ್ಯ," ಎಂದರು ಸಾಹುಕಾರರು ಸುತ್ತ ನೋಡುತ್ತ. "ಜುಂಜಪ್ಪ, ನೀನೇ ಕುಡಿಯೋ."

ಜುಂಜಪ್ಪ ಬಟ್ಟಲನ್ನು ನೋಡಿದ. ಕೈ ಅದರ ಕಡೆ ಚಾಚಿ ಹಿಂದಕ್ಕೆ ಬಂತು. ಅವನು ಮುಖ ತಿರುಗಿಸಿ ಅಖಾಡದ ಮಣ್ಣು ಹಣೆಗೆ ಹಚ್ಚಿಕೊಂಡು ಇಳಿದ.

ಮೊದಲ ಎರಡು ಪಟ್ಟುಗಳನ್ನು ಚೆನ್ನಾಗಿಯೇ ಹಾಕಿದ. ಒಮ್ಮೆ ಹಿರಿಯೂರಿನವನ ಮೊಣಕಾಲು ಮಣ್ಣಿಗೆ ತಾಗಿತು, ಜನ ಹೋ ಎಂದರು. ಆಮೇಲೆ ಅವನು ಜುಂಜಪ್ಪನ ಬಲಗೈಯನ್ನು ಹಿಂದಕ್ಕೆ ತಿರುಚಿದ. ಜುಂಜಪ್ಪ ಕೂಗಿದ. ಕಟ್ಟುಮಸ್ತಾದ ಆಳೊಬ್ಬ ಅಷ್ಟು ಜನರ ನಡುವೆ ಕೂಸಿನಂತೆ ಕೂಗಿಕೊಂಡು, ಎಡಗೈಯಿಂದ ಎದುರಾಳಿಯ ಬೆನ್ನು ತಟ್ಟಿ ಸೋಲೊಪ್ಪಿದ. ಹಿರಿಯೂರಿನವನು ತಕ್ಷಣ ಕೈ ಬಿಟ್ಟ.

ಜನ ನಕ್ಕರು. ಯಾರೋ ಅಂಬಾ ಎಂದು ಕರುವಿನ ದನಿ ತೆಗೆದರು.

"ಬಾಯಿ ಮುಚ್ಚಿಸಮ್ಮ ನಿನ್ನ ತಮ್ಮಂದು. ಮಾನ ಹೋಗ್ತೈತೆ," ಎಂದರು ಸಾಹುಕಾರರು.

"ಕೂಗ್ಲಿ ಬಿಡ್ರಿ. ಅವನಿಗೆ ನೋಯ್ತೈತೆ."

ವಸ್ತಾದಿ ಚಿತ್ತಯ್ಯ ಓಡಿಬಂದು ಭುಜ ಒತ್ತಿ ನೋಡಿದ. "ಕೀಲು ತಪ್ಪಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟಿದ್ಯಪ್ಪ," ಎಂದ. ಹೇಳಿದ್ದು ಮೆಲ್ಲಗೇ ಆದರೂ ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು. ನಗು ಅಲ್ಲಲ್ಲೇ ನಿಂತಿತು.

"ಸೋತೋನ್ನ ಇನ್ ಯಾವ ಗರಡಿ ಒಳಕ್ ಬಿಡ್ತೈತೆ ನಾನೂ ನೋಡ್ತೀನಿ," ಎಂದರು ಸಾಹುಕಾರರು. "ಈ ಗರಡಿ ಮಣ್ಣು ನಂದು."

ಜುಂಜಪ್ಪ ಬಲಗೈಯನ್ನು ಎಡಗೈಯಲ್ಲಿ ಆತುಕೊಂಡು ಎದ್ದು ನಿಂತ. ಕಣ್ಣಲ್ಲಿ ನೀರು ಇನ್ನೂ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಇಟ್ಕಳ್ರಿ. ನಮ್ ರೊಪ್ಪದಾಗೂ ಮಣ್ಣು ಐತೆ." ಆಮೇಲೆ ಹಿರಿಯೂರಿನವನ ಕಡೆ ತಿರುಗಿದ. "ಭುಜ ವಾಸಿಯಾಗ್ಲಿ, ನಿಮ್ಮೂರಿಗೇ ಬರ್ತೀನಿ. ಬರೀ ಮುದ್ದೆ ಉಂಡು ಬರ್ತೀನಿ."

"ಬಾರಪ್ಪ," ಎಂದ ಅವನು ಮೈಮೇಲಿನ ಮಣ್ಣು ಕೊಡವುತ್ತ. "ಮುದ್ದೆ ಹಿರಿಯೂರಿನಾಗೂ ಮಾಡ್ತಾರೆ. ಅಕ್ಕನ್ನೂ ಕರ್ಕಂಡ್ ಬಾ. ಎಲೆ ನಾವು ಹಾಕ್ತೀವಿ."

ಏಕನಾಥಮ್ಮ ಸೆರಗು ಎಳೆದುಕೊಳ್ಳಲಿಲ್ಲ. ಜನ ಬಿಟ್ಟ ದಾರಿಯ ನಟ್ಟನಡುವೆ ತಮ್ಮನನ್ನು ಮುಂದೆ ಬಿಟ್ಟುಕೊಂಡು ನಡೆದಳು.