ಕನ್ನಡಿ ಹೊರುವವರ ಹಾಗೆ

ಅವಳ ಗಂಡ ಅವಳಿಗಾಗಿ ಏನು ಬೇಕಾದರೂ ಮಾಡುತ್ತಿದ್ದ, ಕೈ ಹಿಡಿಯುವುದೊಂದನ್ನು ಬಿಟ್ಟು.

ಅಡುಗೆಮನೆಯ ಡಬ್ಬಿಗಳ ಮುಚ್ಚಳ ಸಡಿಲಿಸಿಟ್ಟೇ ಅಂಗಡಿಗೆ ಹೊರಡುತ್ತಿದ್ದ. ತುಂಬಿದ ಬಕೆಟ್ಟು ಅವಳ ಕಣ್ಣಿಗೆ ಬೀಳುವ ಮೊದಲೇ ಎತ್ತಿಡುತ್ತಿದ್ದ. ಚಿಲಕ ಬಿಗಿಯಾಗಿದ್ದರೆ ಎಣ್ಣೆ ಬಿಡುತ್ತಿದ್ದ. ಆದರೆ ಮಲಗುವಾಗ ಗಡಿ ಕಾಯುವ ಸಿಪಾಯಿಯ ಹಾಗೆ ಮಂಚದ ಅಂಚಿನಲ್ಲಿ. ರಸ್ತೆಯಲ್ಲಿ ನಡೆಯುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಸಾಹೇಬನಂತೆ, ಒಂದು ಮಾರು ದೂರದಲ್ಲಿ.

ಅವಳ ಕೀಲುಗಳು ಹುಟ್ಟಿನಿಂದಲೇ ಸಡಿಲ. ಶಾಲೆಯಲ್ಲಿ ಹೆಬ್ಬೆರಳು ಮಡಚಿ ಮುಂಗೈಗೆ ತಾಗಿಸಿ ತೋರಿಸಿದರೆ ಇಡೀ ತರಗತಿ ಚಪ್ಪಾಳೆ ತಟ್ಟುತ್ತಿತ್ತು. ‘ರಬ್ಬರ್’ ಎಂದೇ ಹೆಸರು ಬಿದ್ದಿತ್ತು. ಚಪ್ಪಾಳೆ ಶಾಲೆಯಲ್ಲೇ ಉಳಿಯಿತು, ಸಡಿಲ ಮಾತ್ರ ಜೊತೆಗೆ ಬಂತು. ಈಗ ಪೆನ್ನು ಹಿಡಿದರೆ ಬೆರಳು ಹಿಂದಕ್ಕೆ ಬಾಗುತ್ತಿತ್ತು, ಮೆಟ್ಟಿಲು ಹತ್ತಿದರೆ ಸೊಂಟ ಟಕ್ಕೆನ್ನುತ್ತಿತ್ತು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೆ ಭುಜ ತನ್ನ ಜಾಗ ಮರೆಯುತ್ತಿತ್ತು. ನೋವು ಇಲ್ಲದ ದಿನವಿಲ್ಲ. ಇವತ್ತು ಮೊಣಕಾಲಲ್ಲಿ ಬಿಡಾರ ಹೂಡಿದರೆ ನಾಳೆ ಮಣಿಕಟ್ಟಿನಲ್ಲಿ. ಎಕ್ಸ್‌ರೇಯಲ್ಲಿ ಏನೂ ಕಾಣದು. “ನೋಡೋಕೆ ಕಲ್ಲುಗುಂಡಿನ ಹಾಗಿದೀಯಲ್ಲೇ,” ಎಂದು ಅತ್ತೆ ಬಂದಾಗಲೆಲ್ಲ ಅನ್ನುವುದಿತ್ತು. ಕಣ್ಣಾಸ್ಪತ್ರೆಯಲ್ಲಿ ಫೋನಿಗೆ ಉತ್ತರಿಸುವ ಕೆಲಸ ಅವಳದು. ಬೆನ್ನಿಗೊಂದು ದಿಂಬು, ಕಾಲಿಗೊಂದು ಮಣೆ ಇಟ್ಟುಕೊಂಡು ದಿನ ದೂಡುತ್ತಿದ್ದಳು.

ಹೋದ ವರ್ಷ ಇಬ್ಬರೂ ಬಸ್ಸಿಗೆ ಓಡಿದ್ದರು. ಅವನು ಮೊದಲು ಹತ್ತಿ, ಬಸ್ಸು ಹೊರಟೇಬಿಟ್ಟಿತೆಂದು ಅವಳ ಕೈ ಹಿಡಿದು ಒಂದೇ ಸಲಕ್ಕೆ ಮೇಲಕ್ಕೆಳೆದ. ಭುಜ ಕಳಚಿತು. ಅವಳಿಗೆ ಅದು ಹೊಸದಲ್ಲ; ಸೀಟಿನಲ್ಲಿ ಕೂತು, ಹಲ್ಲು ಕಚ್ಚಿ, ಮೆಲ್ಲಗೆ ತಾನೇ ಜಾಗಕ್ಕೆ ಕೂರಿಸಿಕೊಂಡಳು. ಮುಖ ಬಿಳಿಚಿಕೊಂಡು ಬೆವತವನು ಅವನು. ಅಂದಿನಿಂದ ಅವನ ಕೈ ಬೆನ್ನ ಹಿಂದೆ ಹೋಗಿದ್ದು, ಮುಂದೆ ಬರಲಿಲ್ಲ.

ಗಾಜಿನ ಅಂಗಡಿಯವನ ಅಂಗೈ ಅದು. ಒರಟು, ತುಂಬ ಗೀರುಗಳು, ಸದಾ ಬಿಸಿ. ಮದುವೆಯ ಹೊಸತರಲ್ಲಿ ಅವಳ ಬೆರಳುಗಳು ಉರಿಯುವಾಗ ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಕೂರುತ್ತಿದ್ದ. ಈಗ ಬಿಸಿನೀರಿನ ಚೀಲ ಹಿಡಿದು ಕೂತಾಗಲೆಲ್ಲ ಅವಳಿಗೆ ಅದೇ ನೆನಪು. ಚೀಲ ಸ್ವಲ್ಪ ಹೊತ್ತಿಗೆ ಆರುತ್ತದೆ. ಆ ಅಂಗೈ ಆರುತ್ತಿರಲಿಲ್ಲ. ಕಟ್ಟಿಕೊಂಡ ಗಂಡನನ್ನು ಕೈ ಹಿಡಿ ಎಂದು ಕೇಳುವುದು ಹೇಗೆ? ಕೇಳಿ, ಅವನು ಬೇಡ ಅಂದುಬಿಟ್ಟರೆ?

ಆ ಸಂಜೆ ಎಂದಿನಂತೆ ಕೆಲಸ ಮುಗಿಸಿ ಅವನ ಅಂಗಡಿಗೆ ಬಂದಳು. ಎದುರಿನ ಕ್ಷೌರದಂಗಡಿಗೆ ಆಳೆತ್ತರದ ಕನ್ನಡಿ ಹೊರಟಿತ್ತು. ಒಂದು ಕಡೆ ಗಂಡ, ಇನ್ನೊಂದು ಕಡೆ ಅವನ ಅಣ್ಣ, ಅಂದರೆ ಅವಳ ಭಾವ.

“ಎತ್ತೋಣ?”

“ಹೂಂ.”

“ಮೆಟ್ಟಿಲು.”

“ಹೂಂ.”

“ಎಡಕ್ಕೆ ವಾಲ್ತೀನಿ.”

“ಹೂಂ.”

ಕನ್ನಡಿಯೊಳಗೆ ಬೀದಿಯೆಲ್ಲ ತೂಗಾಡುತ್ತ ಹೋಯಿತು. ಕ್ಷೌರದಂಗಡಿಯ ಗೋಡೆಗೆ ಆನಿಸಿದ ಮೇಲೆ ಗಂಡ “ಬಿಡ್ತೀನಿ” ಅಂದ. ಭಾವ ಏದುಸಿರು ಬಿಡುತ್ತಿದ್ದರು, ಉತ್ತರ ಬರಲಿಲ್ಲ. ಹಣೆಯ ಬೆವರು ಕಣ್ಣಿಗಿಳಿದರೂ ಗಂಡ ಹಿಡಿದ ಕೈ ಸಡಿಲಿಸದೆ ನಿಂತೇ ಇದ್ದ. “ಹೂಂ” ಎಂದು ಬಂದ ಮೇಲೆಯೇ ಬಿಟ್ಟ.

“ಏನ್ ಭಾವ, ಒಳ್ಳೆ ನಾಟಕ ಆಡಿದ ಹಾಗಿತ್ತು,” ಎಂದಳು.

“ನಾಟಕ ಅಲ್ಲಮ್ಮ. ಹೇಳದೆ ಅಲ್ಲಾಡಿದ್ರೆ ಇನ್ನೊಬ್ಬನ ಕೈ ಹೋಗುತ್ತೆ. ಯಾಕೆ, ಮನೇಲಿ ಇಷ್ಟು ಮಾತಾಡಲ್ವಾ ಇವನು?”

“ಇದರಲ್ಲಿ ಕಾಲುಭಾಗ ಆಡಿದ್ರೂ ನಾನು ಸುಖವಾಗಿರ್ತಿದ್ದೆ.”

ಭಾವ ನಕ್ಕು ತೋಳು ಮೇಲೇರಿಸಿದರು. ಮುಂಗೈಯುದ್ದಕ್ಕೂ ಹಳೆಯ ಕಲೆ. “ಒಂದ್ಸಲ ಹೇಳದೆ ಬಿಟ್ಟಿದ್ದ, ಮಹಾರಾಯ. ಹೊಲಿಗೆ ಬಿಚ್ಚಿಸ್ಕೊಂಡು ಬಂದವನು ಮೊದಲನೇ ಗಾಜು ಎತ್ತಿದ್ದೂ ಇವನ ಜೊತೇನೇ. ಇನ್ಯಾರ ಜೊತೆ ಎತ್ತಲಿ, ಹೇಳು?”

ಗಂಡ ಕೇಳಿಸದವನಂತೆ ಕೈ ಒರೆಸಿಕೊಳ್ಳುತ್ತಿದ್ದ.

ಮನೆಯ ದಾರಿ ಹಿಡಿದರು. ಅವನ ಕೈ ಆಗಲೇ ಬೆನ್ನ ಹಿಂದೆ ಸೇರಿತ್ತು. ಬೀದಿಯ ತಿರುವಿನಲ್ಲಿ ಅವಳು ನಿಂತಳು.

“ರೀ, ಕೈ ಕೊಡಿ.”

“ಯಾಕೆ, ತಲೆ ಸುತ್ತುತ್ತಾ? ಆಟೋ ಕರೀಲಾ?”

“ತಲೆ ಸರಿಯಾಗೇ ಇದೆ. ಸುಮ್ನೆ ಕೊಡಿ.”

ಅವನು ನೆಲ ನೋಡಿದ. “ಬೇಡ ಕಣೆ. ಆವತ್ತಿನ ಆ ಟಕ್ ಅನ್ನೋದು ಇನ್ನೂ ನನ್ನ ಕೈಯಲ್ಲೇ ಇದೆ.”

ಇಷ್ಟು ದಿನ ಅವನು ಆಡದಿದ್ದ ಮಾತು. ಆದರೂ ಅವಳು ಬಿಡಲಿಲ್ಲ. “ಭಾವನ ಕೈ ಕುಯ್ದ್ರಲ್ಲ, ಮತ್ತೆ ಅವರ ಜೊತೆ ಗಾಜು ಎತ್ತಲಿಲ್ವಾ? ನಾನೇನು ಹೊರಗಿನವಳಾ?”

“ಅವನು ಗಟ್ಟಿ ಆಳು. ನೀನು...”

“ನಾನು ಗಾಜಾ? ಗಾಜು ಒಡೆದ್ರೆ ಕಸದ ಬುಟ್ಟಿಗೆ. ನನ್ನ ಭುಜ ಜಾರಿದ್ರೆ ನಾನೇ ಕೂರಿಸ್ಕೋತೀನಿ, ಚಿಕ್ಕಂದಿನಿಂದ ಅದೇ ಕಸುಬು. ನೋವು ನೀವು ಹಿಡಿದ್ರೂ ಇರುತ್ತೆ, ಹಿಡೀದಿದ್ರೂ ಇರುತ್ತೆ. ಹಿಡೀದಿದ್ರೆ ಅದೊಂದೇ ಇರುತ್ತೆ ರೀ.”

ಅವಳು ದನಿ ತಗ್ಗಿಸಿದಳು.

“ಬೆರಳು ಮುಟ್ಟಬೇಡಿ, ಇವತ್ತು ಉರೀತಿವೆ. ಅಂಗೈನ ಕೆಳಗಿಂದ ಹಿಡೀರಿ. ಎಳೀಬೇಡಿ. ಏನು ಮಾಡೋದಿದ್ರೂ ಮೊದ್ಲು ಹೇಳಿ. ಅಣ್ಣಂಗೆ ಹೇಳ್ತೀರಲ್ಲ, ಹಾಗೆ.”

ಬೆನ್ನ ಹಿಂದಿನ ಕೈ ಬಿಚ್ಚಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಅವನು ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಹಿಡೀತೀನಿ.”

“ಹೂಂ.”

ಅದೇ ಬಿಸಿ. ಅವಳು ಮುಖ ಆ ಕಡೆ ತಿರುಗಿಸಿಕೊಂಡು ನಡೆದಳು.

“ಗುಂಡಿ.”

“ಹೂಂ.”

“ಸ್ಕೂಟರ್ ಬರ್ತಿದೆ, ಪಕ್ಕಕ್ಕೆ ಸರೀತೀನಿ.”

“ಹೂಂ.”

ಕೊತ್ತಂಬರಿಗೆ ನೀರು ಚಿಮುಕಿಸುತ್ತಿದ್ದ ತರಕಾರಿಯವಳು ಕತ್ತೆತ್ತಿದಳು. “ಅಯ್ಯೋ ಪಾಪ, ಕಣ್ಣು ಕಾಣಲ್ವೇನಮ್ಮ?”

“ಕಣ್ಣು ಚೆನ್ನಾಗೇ ಇದೆ ಕಣಮ್ಮ. ಗಂಡಂಗೇ ಈಗ ಸ್ವಲ್ಪ ಕಾಣೋಕೆ ಶುರುವಾಗಿದೆ.”

ಅವನು ನಕ್ಕ. ನಗು ಅವನ ಅಂಗೈಯಲ್ಲೂ ಅಲುಗಿದ್ದು ಅವಳಿಗೆ ತಿಳಿಯಿತು.

ಅರ್ಧ ದಾರಿಗೆ ಮಣಿಕಟ್ಟು ಜಗ್ಗತೊಡಗಿತು. ಮೊದಲಾಗಿದ್ದರೆ ನುಂಗಿಕೊಳ್ಳುತ್ತಿದ್ದಳು. “ನೋಯ್ತಿದೆ,” ಎಂದಳು.

ಅವನು ಅಲ್ಲೇ ನಿಂತ. “ಬಿಡ್ಲಾ?”

“ಬೇಡ. ಸ್ವಲ್ಪ ಕೆಳಗೆ.”

“ಇಳಿಸ್ತೀನಿ.”

“ಹೂಂ.”

ಮನೆಯ ಬಾಗಿಲಿಗೆ ಬಂದಾಗ ಬೀಗದ ಕೈ ಅವನ ಬಲ ಜೇಬಿನಲ್ಲಿತ್ತು. ಅವಳ ಕೈ ಇದ್ದದ್ದೂ ಅವನ ಬಲಗೈಯಲ್ಲೇ.

“ಬಿಡ್ತೀನಿ,” ಎಂದ.

ಅವಳು ಬೀಗವನ್ನೇ ನೋಡುತ್ತಿದ್ದಳು.

“ಏ, ಬಿಡ್ತೀನಿ ಅಂದೆ.”

ಅವಳು ತುಟಿ ಬಿಚ್ಚಲಿಲ್ಲ. ಅವನು ಕೆಲಸ ಬಲ್ಲವನು. ಹಿಡಿದ ಕೈ ಸಡಿಲಿಸದೆ ಹಾಗೆಯೇ ನಿಂತ.